ಲ್ಯಾಟಿನ್ ಸಂಕ್ಷೇಪಗಳು: ಪ್ರಬಂಧದಲ್ಲಿಯೂ ದಾಖಲೆಪುಸ್ತಕದಲ್ಲಿಯೂ

ಕರಿಘಟ್ಟದ ಮೆಟ್ಟಿಲುಗಳನ್ನು ಹತ್ತಿ ನಿಂತರೆ ಲೋಕಪಾವನಿಯು ಕಾವೇರಿಯನ್ನು ಕೂಡುವ ಎಡೆಯೂ ಅದರಾಚೆಗೆ ಶ್ರೀರಂಗಪಟ್ಟಣದ ದ್ವೀಪವೂ ಗಂಜಾಮಿನ ತೋಟಗಳೂ ಒಂದೇ ನೋಟಕ್ಕೆ ದೊರೆಯುತ್ತವೆ. ಧರ್ಮಸಭೆಯ ಚರಿತ್ರೆಯನ್ನು ಓದುವ ಸಹೋದರರನ್ನು ಆ ಕಡೆಗೆ ಕರೆದೊಯ್ಯುವಾಗ ನಾವು ಮೊದಲು ಅವರನ್ನು ಈ ಬೆಟ್ಟಕ್ಕೆ ಹತ್ತಿಸುತ್ತೇವೆ. ಶ್ರೀನಿವಾಸನ ಗುಡಿಯ ಅಂಗಳದಲ್ಲಿ ನಿಂತು ಊರಿನ ವಿನ್ಯಾಸವನ್ನು ಕಣ್ಣಲ್ಲಿ ತುಂಬಿಕೊಂಡ ಮೇಲೆ ಗಂಜಾಮಿಗೆ ಇಳಿಯುವುದು ರೂಢಿ. 1799ರಲ್ಲಿ ಟಿಪ್ಪುವಿನ ಪತನವಾದ ಬಳಿಕ ಅಲ್ಲಿಯ ಕ್ರೈಸ್ತ ಸಮುದಾಯವನ್ನು ಮತ್ತೆ ಒಗ್ಗೂಡಿಸಲು ಬಂದ, ಜನರ ಬಾಯಲ್ಲಿ ದೊಡ್ಡಸ್ವಾಮಿಯವರೆನಿಸಿಕೊಂಡ ಅಬ್ಬೆ ದುಬ್ವಾ ಅವರ ಹೆಸರಿನ ದೇವಾಲಯ ಅಲ್ಲಿದೆ.

ಇಂಥ ಒಂದು ಪ್ರವಾಸದ ನಂತರ ಸಹೋದರರೊಬ್ಬರು ಇಂಗ್ಲಿಷಿನಲ್ಲಿ ಬರೆದೊಪ್ಪಿಸಿದ ವರದಿಯಲ್ಲಿ ಹೀಗೊಂದು ಮಾತಿತ್ತು: ಶ್ರೀರಂಗಪಟ್ಟಣದ ಸುತ್ತಲಿನ ಪುರಾತನ ಆರಾಧನಾಸ್ಥಳಗಳು, ಐ.ಇ., ರಂಗನಾಥಸ್ವಾಮಿ ದೇವಸ್ಥಾನ, ಜಾಮಿಯಾ ಮಸೀದಿ ಮತ್ತು ಗಂಜಾಮಿನ ಚರ್ಚು. ಬೆಳಿಗ್ಗೆಯಷ್ಟೇ ಏದುಸಿರುಬಿಡುತ್ತ ಹತ್ತಿ ಇಳಿದಿದ್ದ ಕರಿಘಟ್ಟದ ಗುಡಿಯನ್ನು ಆ ಎರಡಕ್ಷರ ಅಳಿಸಿಹಾಕಿತ್ತು. ಬರೆದವರ ಮನಸ್ಸಿನಲ್ಲಿದ್ದುದು "ಉದಾಹರಣೆಗೆ" ಎಂಬ ಮಾತು; ಕಾಗದದ ಮೇಲೆ ಇಳಿದದ್ದು "ಅಂದರೆ, ಇವಿಷ್ಟೇ" ಎಂಬುದು. ಐ.ಇ. ಎಂದರೆ ಇದ್ ಎಸ್ತ್, ಅದು ಇದೇ. ಇ.ಜಿ. ಎಂದರೆ ಎಕ್ಸೆಂಪ್ಲಿ ಗ್ರಾತ್ಸಿಯಾ, ನಿದರ್ಶನದ ಸಲುವಾಗಿ. ಮೊದಲನೆಯದು ಹಿಂದೆ ಹೇಳಿದುದನ್ನೇ ಬೇರೆ ಮಾತಿನಲ್ಲಿ ಪೂರ್ತಿಯಾಗಿ ಹೇಳುತ್ತದೆ. ಎರಡನೆಯದು ಹಲವರಲ್ಲಿ ಕೆಲವನ್ನು ಹೆಕ್ಕಿ ತೋರಿಸುತ್ತದೆ.

ಊರಿನ ವರದಿಯಲ್ಲಿ ಈ ತಪ್ಪು ನಗುವಿಗೆ ಕಾರಣವಾದೀತು. ದೈವಶಾಸ್ತ್ರದ ಪ್ರಬಂಧದಲ್ಲಿ ಹಾಗಲ್ಲ. "ಸಂಸ್ಕಾರಗಳು, ಇ.ಜಿ., ದೀಕ್ಷಾಸ್ನಾನ ಮತ್ತು ಪರಮಪ್ರಸಾದ" ಎಂದು ಬರೆದವನು ಏಳರಲ್ಲಿ ಎರಡನ್ನು ಹೆಸರಿಸಿದ್ದಾನೆ, ಅಷ್ಟೆ. ಅದೇ ಸ್ಥಳದಲ್ಲಿ ಐ.ಇ. ಹಾಕಿದವನು ಸಂಸ್ಕಾರಗಳು ಎರಡೇ ಎಂದು ಸಾರಿದಂತಾಯಿತು. ಅದು ಸುಧಾರಣಾ ಪಂಥಗಳವರ ನಿಲುವು. ಅವರು ಅದನ್ನು ತಿಳಿದು, ವಾದಿಸಿ ಹೇಳಿದವರು. 1547ರ ಮಾರ್ಚಿಯಲ್ಲಿ ತ್ರೆಂತ್ ಮಹಾಸಭೆಯ ಏಳನೆಯ ಅಧಿವೇಶನವು ಸಂಸ್ಕಾರಗಳು ಏಳಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ ಎಂದು ವಿಧಿಸಿದ್ದು ಆ ವಾದಕ್ಕೆ ಎದುರಾಗಿಯೇ. ನಮ್ಮ ಸಹೋದರನಾದರೋ ಏನನ್ನೂ ವಾದಿಸದೆ, ಬೆರಳು ತಪ್ಪಿ ಅತ್ತ ಕಡೆ ಸೇರಿದ್ದಾನೆ. ಪರೀಕ್ಷಕರು ಸಜ್ಜನರಾಗಿದ್ದರೆ ಅಂಚಿನಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. "ಪ್ರವೇಶ ಸಂಸ್ಕಾರಗಳು" ಎಂದು ಬರೆದು ಐ.ಇ. ಹಾಕಿ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಎಂಬ ಮೂರನ್ನೂ ಹೇಳಿದ್ದರೆ ಮಾತು ಸರಿಹೋಗುತ್ತಿತ್ತು, ಏಕೆಂದರೆ ಅವು ಮೂರೇ.

ಇದಕ್ಕೆ ನಾವು ತರಗತಿಯಲ್ಲಿ ಕೊಡುವ ಮದ್ದು ಸುಲಭವಾದುದು. ಲ್ಯಾಟಿನ್ ಅಕ್ಷರಗಳನ್ನು ತೆಗೆದು ಆ ಜಾಗದಲ್ಲಿ ಕನ್ನಡದ ಪದವನ್ನಿಟ್ಟು ವಾಕ್ಯವನ್ನು ಗಟ್ಟಿಯಾಗಿ ಓದುವುದು. "ಅಂದರೆ" ಎಂದಾಗ ಮಾತು ಸುಳ್ಳಾಗುತ್ತದೆಯೇ? ಹಾಗಾದರೆ ಅಲ್ಲಿ ಬೇಕಾದುದು "ಉದಾಹರಣೆಗೆ". ಇಂಗ್ಲಿಷಿನಲ್ಲಿ ಎಡವುವ ವಿದ್ಯಾರ್ಥಿ ಕನ್ನಡದಲ್ಲಿ ಎಡವುವುದನ್ನು ನಾವು ಕಂಡಿಲ್ಲ. ಐ.ಇ.ಗೆ ಹತ್ತಿರದ ಇನ್ನೊಂದು ಸಂಕ್ಷೇಪ ವಿಜ್. ಎಂಬುದು, ನಮ್ಮ "ಅರ್ಥಾತ್", "ಯಾವುವೆಂದರೆ" ಎಂಬ ಮಾತುಗಳಿಗೆ ಸಮ. ವಿದೇಲಿಚೆತ್ ಎಂಬ ಪದದಲ್ಲಿ ಇಲ್ಲದ ಜ಼ೆಡ್ ಅಕ್ಷರ ಇಲ್ಲಿ ಎಲ್ಲಿಂದ ಬಂತೆಂದು ಕೇಳುವವರುಂಟು. ಅದು ಜ಼ೆಡ್ ಅಲ್ಲ. ಮಧ್ಯಯುಗದ ಲಿಪಿಕಾರರು ಪದದ ಕೊನೆಯ "ಎತ್" ಧ್ವನಿಗೆ ಹಾಕುತ್ತಿದ್ದ, ಮೂರರ ಅಂಕಿಯನ್ನು ಹೋಲುವ ಒಂದು ಗುರುತು. ಮುದ್ರಕರು ಅದನ್ನು ಜ಼ೆಡ್ ಎಂದು ಜೋಡಿಸಿದರು. ಚರ್ಮಪತ್ರ ದುಬಾರಿ, ಬರೆಯುವ ಕೈಗೆ ದಣಿವು. ಈ ಎರಡರಿಂದ ಹುಟ್ಟಿದ ಗುರುತುಗಳು ಎಷ್ಟೆಂಬುದನ್ನು 1899ರಲ್ಲಿ ಮಿಲಾನಿನಲ್ಲಿ ಪ್ರಕಟವಾದ ಕಪೆಲ್ಲಿಯ ಸಂಕ್ಷೇಪಕೋಶವನ್ನು ಒಮ್ಮೆ ತೆರೆದವರು ಬಲ್ಲರು. ನಮಗೂ ಇದು ಹೊಸತಲ್ಲ. ತಾ|| ಜಿ|| ವಂ|| ಎಂದು ಎರಡು ಗೆರೆ ಎಳೆದು ಪದವನ್ನು ಮೊಟಕುಗೊಳಿಸುವ ಶಾನುಭೋಗರ ಕೈ ಇಂದಿಗೂ ನಮ್ಮ ಅರ್ಜಿಗಳಲ್ಲಿದೆ. ಪಹಣಿಯಲ್ಲಿ ತಂದೆಯ ಹೆಸರಿನ ಹಿಂದೆ "ಬಿನ್" ಎಂದು ಓದುವ ಮಂಡ್ಯದ ರೈತ ಅದು ಅರಬ್ಬೀ ಎಂದು ತಿಳಿಯದೆಯೂ ಅದರ ಅರ್ಥವನ್ನು ಸರಿಯಾಗಿಯೇ ತಿಳಿದಿರುತ್ತಾನೆ. ಲ್ಯಾಟಿನ್ ಓದದ ಸಹೋದರನಿಂದಲೂ ನಾವು ಅಷ್ಟನ್ನೇ ಅಪೇಕ್ಷಿಸುವುದು.

ಎತ್ ಚೇತೆರಾ, ಎತ್ ಆಲಿಯಿ ಎಂಬ ಜೋಡಿಯ ವಿಷಯದಲ್ಲಿಯೂ ಕನ್ನಡವೇ ಗುರು. ಮೊದಲನೆಯದು ವಸ್ತುಗಳಿಗೆ, ನಮ್ಮ "ಇತ್ಯಾದಿ". ಎರಡನೆಯದು ವ್ಯಕ್ತಿಗಳಿಗೆ, ನಮ್ಮ "ಮೊದಲಾದವರು". ಸಂತ ಪೇತ್ರ, ಪೌಲ ಇತ್ಯಾದಿ ಎಂದು ನಾವು ಪ್ರಬೋಧನೆಯಲ್ಲಿ ಹೇಳುವುದಿಲ್ಲ. ಹೇಳಿದರೆ ಮುಂದಿನ ಸಾಲಿನ ಅಜ್ಜಿಯೇ ಹುಬ್ಬು ಗಂಟಿಕ್ಕುತ್ತಾಳೆ. ಹಾಗಿದ್ದೂ ಇಂಗ್ಲಿಷಿನಲ್ಲಿ ಧರ್ಮಪಿತರ ಪಟ್ಟಿಯ ಕೊನೆಗೆ ಎಟ್ಸೆಟ್ರಾ ಎಂದು ಬರೆಯಲು ನಮಗೆ ಸಂಕೋಚವಿಲ್ಲ. "ಎತ್" ಎಂಬುದರಲ್ಲಿಯೇ "ಮತ್ತು" ಅಡಗಿದೆ. ಅದರ ಹಿಂದೆ ಇನ್ನೊಂದು ಆ್ಯಂಡ್ ಬೇಡ. ಅದು ಪೂರ್ಣಪದವಾದ್ದರಿಂದ ಎಟ್ ಆಲ್. ಎಂಬಲ್ಲಿ ಬಿಂದು ಬರುವುದು ಎರಡನೆಯ ಪದಕ್ಕೆ ಮಾತ್ರ. ಇ.ಜಿ.ಯಿಂದ ಆರಂಭಿಸಿದ ಪಟ್ಟಿಯನ್ನು ಎಟ್ಸೆಟ್ರಾದಿಂದ ಮುಗಿಸುವುದೂ ಅನವಶ್ಯಕ, ನಿದರ್ಶನವೆಂದ ಮೇಲೆ ಉಳಿದವು ಇವೆಯೆಂದು ಹೇಳಿಯೇ ಆಗಿದೆ.

ಸಿ.ಎಫ್. ಎಂಬುದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕೊನ್‌ಫೆರ್ ಎಂಬುದು ಆಜ್ಞಾರ್ಥಕ ಕ್ರಿಯಾಪದ: ಹೋಲಿಸು, ಪಕ್ಕದಲ್ಲಿಟ್ಟು ನೋಡು. ಬರಿಯ "ನೋಡಿ" ಎನ್ನುವುದಕ್ಕೆ ಲ್ಯಾಟಿನ್ನಿನಲ್ಲಿ ವೀದೆ ಎಂಬ ಬೇರೆ ಪದವಿದೆ. ಇಂಗ್ಲಿಷ್ ವಿದ್ವತ್ ಬರಹದಲ್ಲಿ ಸಿ.ಎಫ್. ಕಂಡಾಗ ಓದುಗನು ಅಲ್ಲಿ ಭಿನ್ನವಾದ, ತೂಗಿ ನೋಡಬೇಕಾದ ಒಂದು ಅಭಿಪ್ರಾಯವಿದೆಯೆಂದು ನಿರೀಕ್ಷಿಸುತ್ತಾನೆ. ಆದರೆ ಧರ್ಮಸಭೆಯ ಅಧಿಕೃತ ದಾಖಲೆಗಳ ರೂಢಿ ಇನ್ನೊಂದು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ ಅಡಿಟಿಪ್ಪಣಿಗಳಲ್ಲಿ, ವಾಕ್ಯವನ್ನು ಯಥಾವತ್ತಾಗಿ ಉದ್ಧರಿಸದೆ ಅದರ ಭಾವವನ್ನು ಮಾತ್ರ ತೆಗೆದುಕೊಂಡಾಗ ಈ ಗುರುತು ಬರುತ್ತದೆ. ಎರಡೂ ರೂಢಿಗಳು ಸಾಧುವೇ. ತೊಂದರೆಯಾಗುವುದು ಒಂದೇ ಪುಟದಲ್ಲಿ ಎರಡೂ ಬೆರೆತಾಗ. ನಮ್ಮ ಅಭಿಪ್ರಾಯ ಇದು: ಅಧಿಕೃತ ದಾಖಲೆಯ ಮಾತನ್ನು ಎತ್ತಿ ಬರೆಯುವಾಗ ಅಲ್ಲಿಯ ಗುರುತನ್ನು ಇದ್ದಂತೆ ಉಳಿಸಿಕೊಳ್ಳುವುದು, ನಮ್ಮದೇ ವಾದದಲ್ಲಿ ಹೋಲಿಕೆ ಬೇಕಾದಲ್ಲಿ ಮಾತ್ರ ಸಿ.ಎಫ್., ಉಳಿದ ಕಡೆ ಸರಳವಾಗಿ "ಸೀ". ಉಲ್ಲೇಖವನ್ನು ಓದಿಯೇ ಇಲ್ಲದಾಗ ಅದರ ಮುಂದೆ ಸಿ.ಎಫ್. ಹಾಕಿ ಪಾರಾಗುವ ಮೂರನೆಯ ರೂಢಿಯೊಂದು ನಮ್ಮ ಗುರುಮಠಗಳಲ್ಲಿ ಬೆಳೆದಿದೆ. ಅದರ ವಿಷಯ ಹೆಚ್ಚು ಹೇಳುವುದು ಬೇಡ.

ಇನ್ನು ಇಬಿಡ್. ಮತ್ತು ಆಪ್. ಸಿಟ್. ಇಬೀದೆಮ್ ಎಂದರೆ "ಅಲ್ಲಿಯೇ": ಸರಿಯಾಗಿ ಹಿಂದಿನ ಟಿಪ್ಪಣಿಯ ಗ್ರಂಥ, ಅದೊಂದೇ. ಓಪೆರೆ ಚಿತಾತೋ ಎಂದರೆ "ಪೂರ್ವೋಕ್ತ ಗ್ರಂಥದಲ್ಲಿ". ಕೈಬರಹದ ಕಾಲಕ್ಕೆ ಹೊಂದಿದ್ದ ಇವು ಗಣಕಯಂತ್ರದ ಕಾಲದಲ್ಲಿ ಅಪಾಯಕಾರಿ. ಪ್ರಬಂಧವನ್ನು ತಿದ್ದುವಾಗ ನಡುವೆ ಒಂದು ಹೊಸ ಟಿಪ್ಪಣಿ ಸೇರಿಸಿದರೆ, ಅದರ ಕೆಳಗಿದ್ದ ಇಬಿಡ್. ಸದ್ದಿಲ್ಲದೆ ಬೇರೆ ಗ್ರಂಥಕ್ಕೆ ಅಂಟಿಕೊಳ್ಳುತ್ತದೆ. ಶ್ರೀರಂಗಪಟ್ಟಣ ಸೀಮೆಯ ಚರಿತ್ರೆಯನ್ನು ಬರೆಯುವವರಿಗೆ ಇದು ಕಲ್ಪನೆಯ ಮಾತಲ್ಲ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಆವೃತ್ತಿಯಲ್ಲಿ ಈ ತಾಲ್ಲೂಕಿನ ಶಾಸನಗಳು 3ನೆಯ ಸಂಪುಟದಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರಗಳೊಡನೆ 6ನೆಯ ಸಂಪುಟದಲ್ಲಿ, ಬೇರೆ ಕ್ರಮಸಂಖ್ಯೆಯಲ್ಲಿವೆ. ಒಂದು ಟಿಪ್ಪಣಿ ಹಳೆಯದಕ್ಕೂ ಮುಂದಿನದು ಹೊಸದಕ್ಕೂ ಸೇರಿ, ಮೂರನೆಯದರಲ್ಲಿ ಬರಿಯ ಇಬಿಡ್. ಮತ್ತು ಒಂದು ಸಂಖ್ಯೆ ನಿಂತರೆ, ಓದುಗನು ಯಾವ ಕಲ್ಲಿನ ಮುಂದೆ ನಿಲ್ಲಬೇಕು?

ದುಬ್ವಾ ಅವರನ್ನೇ ತೆಗೆದುಕೊಳ್ಳೋಣ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥ ಇಂಗ್ಲಿಷಿನಲ್ಲಿ ಮೊದಲು ಹೊರಬಂದದ್ದು 1816ರಲ್ಲಿ. ಬೋಚಂಪ್ ಅವರು 1897ರಲ್ಲಿ ಪ್ರಕಟಿಸಿದ್ದು ಲೇಖಕರೇ ಮುಂದೆ ತಿದ್ದಿದ ಹಸ್ತಪ್ರತಿಯ ಅನುವಾದ. ಪುಟಗಳು ಮಾತ್ರವಲ್ಲ, ಪಾಠವೂ ಬೇರೆ. ಇದಲ್ಲದೆ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಮೂವತ್ತು ವರ್ಷ ದುಡಿದ ಮಿಷನರಿಯೊಬ್ಬರು ಹಿಂದೂಗಳ ಮತಾಂತರ ಆಗುವ ಕೆಲಸವಲ್ಲ ಎಂಬ ತೀರ್ಮಾನಕ್ಕೆ ಬಂದುದು ಆ ಪತ್ರಗಳಲ್ಲಿ. ಈ ಮೂರನ್ನೂ ಬಳಸಿದ ಪ್ರಬಂಧದಲ್ಲಿ "ದುಬ್ವಾ, ಆಪ್. ಸಿಟ್." ಎಂದರೆ ಏನೂ ಹೇಳಿದಂತಾಗಲಿಲ್ಲ. ಪತ್ರಗಳ ನಿರಾಶೆಯನ್ನು ಗ್ರಂಥದ ಬಾಯಿಗೆ ಹಾಕುವುದೂ ಗ್ರಂಥದ ಕುತೂಹಲವನ್ನು ಪತ್ರಗಳಿಗೆ ಹೊರಿಸುವುದೂ ಹೀಗೆಯೇ ಆಗುವುದು. ಲೇಖಕನ ಹೆಸರು, ಗ್ರಂಥದ ಒಂದೆರಡು ಪದ, ಪುಟ: ಈ ಚಿಕ್ಕ ರೂಪವನ್ನೇ ನಾವು ಈಗ ಕೇಳುತ್ತೇವೆ. ಶಿಕಾಗೋ ಕೈಪಿಡಿಯೂ 2017ರ ತನ್ನ 17ನೆಯ ಆವೃತ್ತಿಯಲ್ಲಿ ಇಬಿಡ್.ಗಿಂತ ಇದನ್ನೇ ಮೇಲೆಂದಿದೆ. ಟಿಪ್ಪಣಿ ಎಂಬುದು ಋಣಸ್ವೀಕಾರ. 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಅವರು, ದುಬ್ವಾ ಅವರ ಪ್ರಸಿದ್ಧ ಗ್ರಂಥದ ತಳಹದಿಯು ಅವರಿಗಿಂತ ಹಿಂದೆ ಪುದುಚೇರಿಯಲ್ಲಿದ್ದ ಯೇಸುಸಭೆಯ ಸ್ವಾಮಿ ಕರ್ದೂ ಅವರ ಬರಹವೆಂದು ತೋರಿಸಿಕೊಟ್ಟರು. ನಮ್ಮ ದೊಡ್ಡಸ್ವಾಮಿಯವರ ಸೇವೆಯ ಮೇಲೆ ನಮಗಿರುವ ಗೌರವ ಅದರಿಂದ ಕುಂದಲಿಲ್ಲ, ಆದರೆ ಕರ್ದೂ ಅವರು ಸುಮಾರು ಇನ್ನೂರು ವರ್ಷ ಹೆಸರಿಲ್ಲದೆ ಇದ್ದುದೂ ನಿಜ.

ಸಂತ ತೋಮಾಸ್ ಅಕ್ವಿನಾಸರ ಸುಮ್ಮಾವನ್ನು ಉಲ್ಲೇಖಿಸುವಾಗ ಆಗುವ ತಪ್ಪು ಇದಕ್ಕಿಂತ ಘೋರ. ಅಲ್ಲಿ ಪ್ರತಿ ಪ್ರಕರಣವೂ ಪೂರ್ವಪಕ್ಷದಿಂದ ಆರಂಭವಾಗುತ್ತದೆ. ಆಮೇಲೆ "ಇದಕ್ಕೆ ಪ್ರತಿಯಾಗಿ" ಎಂಬ ಸೆದ್ ಕೊಂತ್ರಾ, ಬಳಿಕ ಗ್ರಂಥಕರ್ತನ ಸಿದ್ಧಾಂತ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ. ಆಕ್ಷೇಪಕ್ಕೆ ಒಬ್ಜ್., ಸಮಾಧಾನಕ್ಕೆ ಅದ್ ಎಂಬ ಗುರುತು. ಮೊದಲನೆಯ ಭಾಗದ 2ನೆಯ ಪ್ರಶ್ನೆಯ 3ನೆಯ ಪ್ರಕರಣದಲ್ಲಿ ಮೊದಲ ಆಕ್ಷೇಪ, ಲೋಕದಲ್ಲಿ ಕೇಡು ಇರುವುದರಿಂದ ದೇವರಿಲ್ಲ ಎಂಬುದು. ಆ ಸಾಲನ್ನು ಎತ್ತಿಕೊಂಡು ಒಬ್ಜ್. ಎಂಬುದನ್ನು ಬಿಟ್ಟು ಭಾಗ, ಪ್ರಶ್ನೆ, ಪ್ರಕರಣಗಳ ಸಂಖ್ಯೆಯನ್ನಷ್ಟೇ ಕೊಟ್ಟರೆ, ದೇವದೂತಸದೃಶ ಆಚಾರ್ಯರು ನಾಸ್ತಿಕರಾಗಿ ನಿಲ್ಲುತ್ತಾರೆ. ಪೂರ್ವಪಕ್ಷವನ್ನು ಆಚಾರ್ಯರ ಮತವೆಂದು ಹೇಳಿಬಿಡುವ ಇಂಥ ಅನರ್ಥವನ್ನು ನಮ್ಮ ನಾಡಿನ ಶಾಸ್ತ್ರಪರಂಪರೆಯಲ್ಲಿ ಓದಿದ ಯಾವ ವಿದ್ಯಾರ್ಥಿಯೂ ಮಾಡಲಾರ.

ಎ.ಡಿ. ಎಂಬುದು ಅನ್ನೋ ದೋಮಿನಿ, ಪ್ರಭುವಿನ ವರ್ಷದಲ್ಲಿ. ಕಟ್ಟುನಿಟ್ಟಾದ ರೂಢಿಯಲ್ಲಿ ಅದು ಅಂಕಿಗೆ ಮೊದಲು ಬರುತ್ತದೆ, ನಮ್ಮ ಕ್ರಿ.ಶ. 1799 ಎಂಬಲ್ಲಿ ಬರುವಂತೆಯೇ, ಬಿ.ಸಿ. ಎಂಬ ಇಂಗ್ಲಿಷ್ ಸಂಕ್ಷೇಪ ಮಾತ್ರ ಅಂಕಿಯ ನಂತರ. ಸಿ. ಎಂಬ ಒಂಟಿ ಅಕ್ಷರ ವರ್ಷದ ಹಿಂದೆ ನಿಂತರೆ ಚಿರ್ಕಾ, ಸುಮಾರು. ಶಾಸನ ಸಂಹಿತೆಯ ಸಂಖ್ಯೆಯ ಹಿಂದೆ ನಿಂತರೆ ಕಾನೊನ್. ಎರಡೂ ಒಂದೇ ಪ್ರಬಂಧದಲ್ಲಿ ಬರುವುದಾದರೆ ಒಂದಕ್ಕೆ ಸಿಎ., ಇನ್ನೊಂದಕ್ಕೆ ಕ್ಯಾನ್. ಎಂದು ಬೇರ್ಪಡಿಸುವುದು ಕ್ಷೇಮ. ಸಿಕ್ ಎಂಬುದು ಸಂಕ್ಷೇಪವಲ್ಲ, "ಹೀಗೆಯೇ ಇದೆ" ಎಂಬ ಪೂರ್ಣಪದ, ಬಿಂದು ಬೇಡ. ಮೂಲದ ಮುದ್ರಣದೋಷ ನಮ್ಮದೆಂದು ಓದುಗನು ತಿಳಿಯಬಾರದಲ್ಲಾ, ಅದಕ್ಕಾಗಿ ಅದು. ಹಳೆಯ ಕಾಗದಪತ್ರಗಳಲ್ಲಿ ಶ್ರೀರಂಗಪಟ್ಟಣವನ್ನು ಸೆರಿಂಗಪಟಮ್ ಎಂದೋ ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಎಂದೋ ಕಂಡಾಗಲೆಲ್ಲ ಸಿಕ್ ಹಾಕುವವರಿದ್ದಾರೆ. ಅವು ಅಂದಿನ ಹೆಸರುಗಳೇ ಹೊರತು ದೋಷಗಳಲ್ಲ.

ಇಷ್ಟು ಪ್ರಬಂಧಗಳ ಮಾತಾಯಿತು. ಗುರುದೀಕ್ಷೆಯಾಗಿ ಧರ್ಮಕೇಂದ್ರಕ್ಕೆ ಹೋದ ಮೇಲೆ ಪ್ರಬಂಧ ಬರೆಯುವ ಪ್ರಸಂಗ ಕಡಿಮೆ. ಆದರೆ ಲ್ಯಾಟಿನ್ ಸಂಕ್ಷೇಪಗಳು ಅಲ್ಲಿಯೂ ಬೀರುವಿನೊಳಗೆ ಕಾದಿರುತ್ತವೆ. ಹಳೆಯ ದೀಕ್ಷಾಸ್ನಾನ, ವಿವಾಹ, ಮರಣಗಳ ದಾಖಲೆಪುಸ್ತಕಗಳನ್ನು ನಮ್ಮ ಹಿರಿಯ ಮಿಷನರಿಗಳು ಲ್ಯಾಟಿನ್ನಿನಲ್ಲಿ ಬರೆದಿಟ್ಟರು. ಬಪ್ತ್. ಎಂದರೆ ದೀಕ್ಷಾಸ್ನಾನ, ನಾತ್. ಎಂದರೆ ಜನನ, ಓಬ್. ಎಂದರೆ ಮರಣ, ಫಿಲ್. ಲೆಗ್. ಎಂದರೆ ವಿವಾಹದಲ್ಲಿ ಹುಟ್ಟಿದ ಮಗ ಅಥವಾ ಮಗಳು. ಎನ್.ಎನ್. ಎಂದಿದ್ದರೆ ಹೆಸರು ತಿಳಿಯದು ಎಂದರ್ಥ. ಅದನ್ನು ತಂದೆಯ ಹೆಸರಿನ ಮೊದಲಕ್ಷರಗಳೆಂದು ಪ್ರಮಾಣಪತ್ರಕ್ಕೆ ಇಳಿಸಬಾರದು. ಸುಬ್ ಕೊಂದ್., ಕೆಲವೊಮ್ಮೆ ಬರಿಯ ಎಸ್.ಸಿ., ಎಂದರೆ ಸುಬ್ ಕೊಂದಿತ್ಸಿಯೋನೆ, ಷರತ್ತಿನ ದೀಕ್ಷಾಸ್ನಾನ: ಹಿಂದೆ ದೀಕ್ಷಾಸ್ನಾನ ಆಗಿತ್ತೇ, ಆಗಿದ್ದರೆ ಸಿಂಧುವೇ ಎಂಬ ಸಂಶಯವಿದ್ದಾಗ ಕೊಟ್ಟದ್ದು. ಇದೇ ಎರಡಕ್ಷರ ಸುಮ್ಮಾದಲ್ಲಿ ಸೆದ್ ಕೊಂತ್ರಾ ಆಗುವುದನ್ನು ಗಮನಿಸಿರಿ. ವಿವಾಹದ ಪುಸ್ತಕದಲ್ಲಿ ದಿಸ್ಪ್. ಎಂದು ಕಂಡರೆ ಒಂದು ಅಡ್ಡಿಗೆ ವಿನಾಯಿತಿ ದೊರೆತಿತ್ತೆಂದು ಅರ್ಥ. ಅದನ್ನು ಬಿಟ್ಟು ನಕಲು ಮಾಡಿದರೆ ಆ ವಿವಾಹದ ಸಿಂಧುತ್ವವೇ ಮುಂದೊಂದು ದಿನ ಪ್ರಶ್ನೆಗೆ ಬಂದೀತು.

ನಾವು ಎಡವಿದ್ದು ತಿಂಗಳ ಹೆಸರಿನಲ್ಲಿ. ಗುರುದೀಕ್ಷೆಯಾದ ಹೊಸತರಲ್ಲಿ, ಒಂದು ಹಳೆಯ ಧರ್ಮಕೇಂದ್ರದಲ್ಲಿ ಸಹಾಯಕರಾಗಿದ್ದಾಗ, ಒಬ್ಬ ಹಿರಿಯರು ತಮ್ಮ ತಾತನ ದೀಕ್ಷಾಸ್ನಾನದ ದಾಖಲೆಯನ್ನು ಕೇಳಿಕೊಂಡು ಬಂದರು. 19ನೆಯ ಶತಮಾನದ ಕೊನೆಯ ಪುಸ್ತಕ, ಫ್ರೆಂಚ್ ಸ್ವಾಮಿಯೊಬ್ಬರ ಓರೆ ಬರಹ. ಹುಟ್ಟಿದ ದಿನ 29, 7ಬ್ರಿಸ್. ದೀಕ್ಷಾಸ್ನಾನ 3, 8ಬ್ರಿಸ್. ಏಳನೆಯ ತಿಂಗಳು, ಎಂಟನೆಯ ತಿಂಗಳು ಎಂದು ನಾವು ಜುಲೈ 29, ಆಗಸ್ಟ್ 3 ಎಂದು ಬರೆದು ಮುದ್ರೆಯೊತ್ತಿಕೊಟ್ಟೆವು. ಎರಡು ದಿನಾಂಕಗಳೂ ಒಂದಕ್ಕೊಂದು ಹೊಂದಿಕೊಂಡಿದ್ದುದರಿಂದ ಸಂಶಯವೇ ಬರಲಿಲ್ಲ. ಕೆಲವು ತಿಂಗಳ ನಂತರ ಅದೇ ಪುಟವನ್ನು ಬೇರೊಂದು ಕೆಲಸಕ್ಕೆ ತೆರೆದಾಗ, ಆ ದಾಖಲೆಗಿಂತ ಮೇಲಿನ ಸಾಲಿನಲ್ಲಿ ಆಗಸ್ಟ್ ತಿಂಗಳ ಹೆಸರು ಪೂರ್ತಿಯಾಗಿ, ದಿನಾಂಕ 15 ಎಂದು ಇದ್ದುದು ಕಣ್ಣಿಗೆ ಬಿತ್ತು. ಆಗಸ್ಟ್ 15ರ ಕೆಳಗೆ ಆಗಸ್ಟ್ 3 ಹೇಗೆ ಬಂದೀತು?

ಸೆಪ್ತೆಮ್ ಎಂದರೆ ಏಳು, ಒಕ್ತೋ ಎಂದರೆ ಎಂಟು. ರೋಮನರ ಪುರಾತನ ವರ್ಷ ಮಾರ್ಚಿಯಿಂದ ಮೊದಲಾಗುತ್ತಿದ್ದುದರಿಂದ ಸೆಪ್ಟೆಂಬರ್ ಏಳನೆಯದು, ಅಕ್ಟೋಬರ್ ಎಂಟನೆಯದು. ವರ್ಷಾರಂಭ ಜನವರಿಗೆ ಬಂದ ಮೇಲೂ ಹೆಸರುಗಳು ಹಾಗೆಯೇ ಉಳಿದವು. ಆದ್ದರಿಂದ 7ಬ್ರಿಸ್ ಎಂದರೆ ಸೆಪ್ಟೆಂಬರ್, 8ಬ್ರಿಸ್ ಅಕ್ಟೋಬರ್, 9ಬ್ರಿಸ್ ನವೆಂಬರ್, ಎಕ್ಸ್ ಅಕ್ಷರದ ಮುಂದೆ ಬ್ರಿಸ್ ಬಂದರೆ ಡಿಸೆಂಬರ್, ಏಕೆಂದರೆ ಅಲ್ಲಿ ಎಕ್ಸ್ ರೋಮನ್ ಹತ್ತು. ಫ್ರೆಂಚರೂ ತಮ್ಮ ಭಾಷೆಯಲ್ಲಿ ಹೀಗೆಯೇ ಬರೆಯುತ್ತಿದ್ದರು. ಎಕ್ಸ್‌ಮಸ್ ಎಂಬಲ್ಲಿಯ ಎಕ್ಸ್ ಬೇರೆ. ಅದು ಕ್ರಿಸ್ತನ ಹೆಸರಿನ ಗ್ರೀಕ್ ಮೊದಲಕ್ಷರ ಖಿ. ಕ್ರಿಸ್ತನನ್ನು ಹಬ್ಬದಿಂದ ಹೊರದೂಡಲು ಯಾರೋ ಹೂಡಿದ ತಂತ್ರ ಅದೆಂದು ಪ್ರತಿ ಡಿಸೆಂಬರಿನಲ್ಲಿ ಪ್ರಬೋಧನೆ ಕೇಳುತ್ತೇವೆ. ಹಾಗೇನೂ ಇಲ್ಲ.

ಹೊಸ ಪ್ರಮಾಣಪತ್ರವನ್ನು ಬರೆದುಕೊಂಡು ನಾವು ಆ ಹಿರಿಯರ ಮನೆಗೆ ಹೋದೆವು. ಅವರು ಕೋಪಿಸಿಕೊಳ್ಳಲಿಲ್ಲ. ಕಾಫಿ ಕೊಟ್ಟು, "ಬನ್ನಿ ಸ್ವಾಮಿ" ಎಂದು ಊರಾಚೆಯ ಸಮಾಧಿಭೂಮಿಗೆ ಕರೆದೊಯ್ದರು. ತಾತನ ಸಮಾಧಿಯನ್ನು ಹೊಸದಾಗಿ ಕಟ್ಟಿಸಿ, ಕಪ್ಪು ಕಲ್ಲಿನ ಮೇಲೆ ಜುಲೈ 29 ಎಂದು ಕೆತ್ತಿಸಿ ಆಗಿತ್ತು. ದಾಖಲೆ ಕೇಳಲು ಅವರು ಬಂದಿದ್ದುದೇ ಆ ಕಲ್ಲಿಗಾಗಿ. ಕಲ್ಲನ್ನು ಬದಲಿಸುವ ಖರ್ಚನ್ನು ನಾವು ಕೊಡುತ್ತೇವೆಂದರೂ ಅವರು ಒಪ್ಪಲಿಲ್ಲ; ಅದು ಈಗಲೂ ಹಾಗೆಯೇ ಇದೆ.

ಅಂದಿನಿಂದ ನಾವು ಪಾಲಿಸುತ್ತಿರುವ, ಕಿರಿಯ ಗುರುಗಳಿಗೂ ಹೇಳುವ ಕ್ರಮ ಹೀಗಿದೆ. ಒಂದು ದಾಖಲೆಯನ್ನು ಓದುವ ಮುನ್ನ ಅದರ ಹಿಂದಿನ ಹಾಗೂ ಮುಂದಿನ ಎರಡೆರಡು ದಾಖಲೆಗಳನ್ನು ಓದಬೇಕು. ಪುಸ್ತಕವು ಕಾಲಕ್ರಮದಲ್ಲಿ ಸಾಗುವುದರಿಂದ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಪ್ರಮಾಣಪತ್ರದಲ್ಲಿ ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಿಂದಲೇ ಬರೆಯಬೇಕು. ಬಿಡಿಸಲಾಗದ ಸಂಕ್ಷೇಪವನ್ನು ಊಹಿಸಿ ತುಂಬದೆ, ಇದ್ದಂತೆ ನಕಲಿಸಿ, ಧರ್ಮಪ್ರಾಂತ್ಯದ ದಫ್ತರಿಗೆ ಕಳುಹಿಸಿ ಕೇಳಬೇಕು. ಶಾಸನ ಸಂಹಿತೆಯ 535ನೆಯ ವಿಧಿಯು ಈ ಪುಸ್ತಕಗಳನ್ನು ಸರಿಯಾಗಿ ಬರೆದು ಜೋಪಾನ ಮಾಡುವ ಹೊಣೆಯನ್ನು ಧರ್ಮಕೇಂದ್ರದ ಗುರುವಿನ ಮೇಲೆ ಹೊರಿಸಿದೆ. ಓದಲು ಕಷ್ಟವೆಂದು ಮೂಲಪುಟದ ಮೇಲೆಯೇ ಪೆನ್ನಿನಿಂದ ತಿಂಗಳನ್ನು ತಿದ್ದಿ ಬರೆದಿರುವುದನ್ನು ನಾವು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇವೆ. ಒಂದು ಕಡೆ ಆ ತಿದ್ದುಪಡಿಯೂ "ಜುಲೈ" ಎಂದೇ ಇತ್ತು.